ಪಂಚಗಣಿಯಲ್ಲಿ ಓದಿದ ರಾಕ್ ಗಾಯಕ

ವಾಡಿಯಿಂದ ಕಲಬುರಗಿಗೆ ದಿನಾ ರೈಲಿನಲ್ಲಿ ಹೋಗುವ ಬಿ.ಇ. ವಿದ್ಯಾರ್ಥಿ ನಾನು. ಶಹಾಬಾದ್ ಬರುವಷ್ಟರಲ್ಲಿ ಕಿವಿಯಲ್ಲಿ ಫ್ರೆಡ್ಡಿ ಮರ್ಕ್ಯುರಿ ಹಾಡುತ್ತಿರುತ್ತಾನೆ. ರಾಕ್ ಅಂದರೆ ಬರೀ ಕಿರುಚಾಟ ಎನ್ನುವ ಗೆಳೆಯರಿಗೆ ಮೊದಲು ಹೇಳುವುದು ಇವನ ಕತೆಯನ್ನೇ.

1946ರಲ್ಲಿ ಆಫ್ರಿಕಾದ ಜಾಂಜಿಬಾರ್‌ನ ಪಾರ್ಸಿ ಕುಟುಂಬದಲ್ಲಿ ಹುಟ್ಟಿದ ಫರ್ರೋಖ್ ಬುಲ್ಸಾರಾ, ಎಂಟನೇ ವಯಸ್ಸಿಗೆ ಮಹಾರಾಷ್ಟ್ರದ ಪಂಚಗಣಿಯ ಬೋರ್ಡಿಂಗ್ ಶಾಲೆ ಸೇರಿದ. ಅಲ್ಲೇ ‘ದಿ ಹೆಕ್ಟಿಕ್ಸ್’ ಎಂಬ ಬ್ಯಾಂಡ್ ಕಟ್ಟಿದ. 1964ರ ಕ್ರಾಂತಿಯಿಂದ ಕುಟುಂಬ ಜಾಂಜಿಬಾರ್ ತೊರೆದು ಇಂಗ್ಲೆಂಡ್ ಸೇರಿತು. ಅಲ್ಲಿ ಗ್ರಾಫಿಕ್ ಡಿಸೈನ್ ಓದಿದ, ಹೀಥ್ರೂ ವಿಮಾನ ನಿಲ್ದಾಣದಲ್ಲಿ ಲಗೇಜ್ ಸಾಗಿಸಿದ. 1970ರಲ್ಲಿ ‘ಕ್ವೀನ್’ ಬ್ಯಾಂಡ್ ಶುರುವಾಯಿತು.

1975ರ ‘ಎ ನೈಟ್ ಅಟ್ ದಿ ಒಪೆರಾ’ ಆಲ್ಬಂ ನನಗಿಷ್ಟ. ಅದರಲ್ಲಿನ ‘ಬೊಹೆಮಿಯನ್ ರಾಪ್ಸೊಡಿ’ ಸುಮಾರು ಆರು ನಿಮಿಷದ್ದು. ರೇಡಿಯೊಗೆ ತೀರಾ ಉದ್ದ ಎನಿಸಿಕೊಂಡರೂ ಬ್ರಿಟನ್ನಿನಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. ಆದರೆ 1991ರ ‘ಇನ್ಯುಯೆಂಡೊ’ ಅದಕ್ಕಿಂತ ದೊಡ್ಡದು ಎಂದು ನನ್ನ ಅನಿಸಿಕೆ. ಏಡ್ಸ್‌ನಿಂದ ದೇಹ ಸೋತಿತ್ತು, ದನಿ ಸೋತಿರಲಿಲ್ಲ. ಅದೇ ವರ್ಷ ನವೆಂಬರ್ 24ರಂದು, 45ನೇ ವಯಸ್ಸಿನಲ್ಲಿ ತೀರಿಕೊಂಡ. ಅಂತ್ಯಕ್ರಿಯೆಯನ್ನು ಪಾರ್ಸಿ ಪುರೋಹಿತರು ನಡೆಸಿದರು.

ನನಗಿರುವ ಬೇಸರ ಒಂದೇ: ಹುಟ್ಟೂರು, ಪಂಚಗಣಿ ಬಗ್ಗೆ ಆತ ಮಾತಾಡಿದ್ದು ಬಹಳ ಕಡಿಮೆ. ಆದರೆ ದೂರಲು ನನಗೆ ಬಾಯಿಲ್ಲ. ಕಳೆದ ತಿಂಗಳು ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಊರು ಕೇಳಿದಾಗ, ವಾಡಿ ಎನ್ನಲು ನಾಚಿ ಹೈದರಾಬಾದ್ ಹತ್ತಿರ ಅಂದುಬಿಟ್ಟೆ. ಆಯ್ಕೆಯೂ ಆಗಲಿಲ್ಲ. ವಾಪಸ್ ಬರುವಾಗ ವಾಡಿ ಜಂಕ್ಷನ್ನಿನ ಬೋರ್ಡ್ ನೋಡಲು ಮುಜುಗರವಾಯಿತು. ಮುಂದಿನ ಸಂದರ್ಶನದಲ್ಲಿ ಮೊದಲು ಊರಿನ ಹೆಸರನ್ನೇ ಹೇಳುತ್ತೇನೆ.