ಸಿದಿ ಮುಬಾರಕ್ ಬಾಂಬೆ: ನಾಲ್ಕು ಪಯಣಗಳ ಬದುಕು

ಸಫಾರಿ ಎಂದರೆ ಇಂದು ವಾಹನದಲ್ಲಿ ಕುಳಿತು ಕಾಡುಮೃಗಗಳನ್ನು ಕಾಣುವ ವಿಹಾರ. ಸ್ವಾಹಿಲಿಯಲ್ಲಿ ಆ ಪದಕ್ಕೆ ಪಯಣ ಎಂದಷ್ಟೇ ಅರ್ಥ. ಅರಬ್ಬಿಯ ಸಫರ್ ಅದರ ಬೇರು. ಹತ್ತೊಂಬತ್ತನೆಯ ಶತಮಾನದಲ್ಲಿ ಪೂರ್ವ ಆಫ್ರಿಕದ ಒಳನಾಡಿಗೆ ಹೊರಡುತ್ತಿದ್ದ ಸಫಾರಿಗಳು ನೂರಾರು ಜನರ ಕಾಲ್ನಡಿಗೆಯ ತಂಡಗಳು. ಅವುಗಳ ನಾಯಕರಾದ ಬರ್ಟನ್, ಸ್ಪೀಕ್, ಸ್ಟ್ಯಾನ್ಲಿ, ಕ್ಯಾಮರಾನ್ ಈ ನಾಲ್ವರ ಗ್ರಂಥಗಳಲ್ಲಿಯೂ ಮತ್ತೆ ಮತ್ತೆ ಎದುರಾಗುವ ವ್ಯಕ್ತಿ ಸಿದಿ ಮುಬಾರಕ್ ಬಾಂಬೆ.

ಈ ಹೆಸರಿನ ಮೂರು ಪದಗಳಲ್ಲಿ ಒಂದೂ ತಾಯಿ ಕರೆದದ್ದಲ್ಲ. ಇಂದಿನ ತಾಂಜಾನಿಯ ಮತ್ತು ಮೊಜಾಂಬಿಕ್‌ಗಳ ಗಡಿಯಲ್ಲಿರುವ ಯಾವೊ ಜನರ ನಾಡಿನಲ್ಲಿ, 1820ರ ಸುಮಾರಿಗೆ ಆತನ ಜನನ. ಸುಮಾರು 12ನೆಯ ವಯಸ್ಸಿನಲ್ಲಿ ಗುಲಾಮರ ವ್ಯಾಪಾರಿಗಳ ಕೈಗೆ ಸಿಕ್ಕಿದ ಹುಡುಗನನ್ನು ಕಿಲ್ವಾ ಬಂದರಿಗೆ ನಡೆಸಿ ತಂದು ಬಟ್ಟೆಗೆ ವಿನಿಮಯ ಮಾಡಿದರು. ಜಾಂಜಿಬಾರ್ ದ್ವೀಪದ ಸಂತೆಯಲ್ಲಿ ವರ್ತಕನೊಬ್ಬನು ಕೊಂಡು ಪಶ್ಚಿಮ ಭಾರತಕ್ಕೆ ಕರೆದೊಯ್ದನು. ಸಿದಿ ಎಂಬುದು ಅಲ್ಲಿ ಆಫ್ರಿಕ ಮೂಲದವರಿಗೆ ಸಲ್ಲುತ್ತಿದ್ದ ಸಾಮಾನ್ಯ ಹೆಸರು. ಯಲ್ಲಾಪುರ, ಹಳಿಯಾಳದ ಸಿದ್ದಿಯರನ್ನು ಬಲ್ಲ ಕನ್ನಡಿಗರಿಗೆ ಇದು ಹೊಸತಲ್ಲ. ಮುಬಾರಕ್ ಎಂದರೆ ಧನ್ಯ. ಬಾಂಬೆ ಎಂಬುದು ನಗರದ ಹೆಸರು. ಒಡೆಯನು ತೀರಿಕೊಂಡ ಮೇಲೆ ಬಿಡುಗಡೆ ದೊರೆಯಿತು. ಜಾಂಜಿಬಾರಿಗೆ ಮರಳಿ ಸುಲ್ತಾನನ ಸೈನ್ಯಕ್ಕೆ ಸೇರಿದ ಬಾಂಬೆಯ ಬಳಿ ಆಗ ಇದ್ದ ಆಸ್ತಿ ಒಂದೇ: ದಾಸ್ಯದಲ್ಲಿ ಕಲಿತ ಹಿಂದೂಸ್ತಾನಿ.

1857ರಲ್ಲಿ ಬರ್ಟನ್ ಮತ್ತು ಸ್ಪೀಕ್ ಕಂಡದ್ದು ಈ ಆಸ್ತಿಯನ್ನೇ. ಇಬ್ಬರೂ ಭಾರತದ ಸೈನ್ಯದಲ್ಲಿದ್ದವರು. ಬಹುಭಾಷಾವಿದನಾದ ಬರ್ಟನ್‌ಗೆ ಅರಬ್ಬಿ ಚೆನ್ನಾಗಿ ಬರುತ್ತಿತ್ತು; ಸ್ಪೀಕ್‌ಗೆ ಅರಬ್ಬಿಯೂ ಇಲ್ಲ, ಸ್ವಾಹಿಲಿಯೂ ಇಲ್ಲ. ಅವನ ಮಾತೆಲ್ಲ ಹಿಂದೂಸ್ತಾನಿಯಲ್ಲಿ ಬಾಂಬೆಯನ್ನು ಮುಟ್ಟಿ, ಬಾಂಬೆಯಿಂದ ಸ್ವಾಹಿಲಿಗೆ ತಿರುಗಿ, ಅಲ್ಲಿಂದ ಮತ್ತೊಬ್ಬ ದುಭಾಷಿಯ ಮೂಲಕ ಊರಿನ ನುಡಿಗೆ ಹೋಗಬೇಕಿತ್ತು.

ಟ್ಯಾಂಗನಿಕಾ ಸರೋವರದಲ್ಲಿ ಈ ಸರಪಣಿಯ ಒಂದು ಕೊಂಡಿ ಸಡಿಲವಾಯಿತು. ಸರೋವರದ ಉತ್ತರ ತುದಿಯಲ್ಲಿದ್ದ ನದಿಯ ಕುರಿತು ಹಮೀದ್ ಎಂಬ ಅರಬ್ ವರ್ತಕನು ಹೇಳಿದ್ದನ್ನು ಕೇಳಿ, ಅದು ಸರೋವರದಿಂದ ಹೊರಹರಿಯುತ್ತದೆ ಎಂದು ಸ್ಪೀಕ್ ತಿಳಿದನು. ಹೊರಹರಿದರೆ ಟ್ಯಾಂಗನಿಕಾವೇ ನೈಲ್ ನದಿಯ ಮೂಲವಾಗಬಹುದು. ಒಳಬಂದರೆ ಆ ಆಸೆಗೆ ಎಡೆಯಿಲ್ಲ. ಹಮೀದ್ ನುಡಿದದ್ದು ಒಳಬರುವ ನದಿಯನ್ನು, ಸ್ಪೀಕ್ ತಪ್ಪಾಗಿ ಗ್ರಹಿಸಿದನು ಎಂದು ಬಾಂಬೆ ಅನಂತರ ತಿಳಿಸಿದ್ದನ್ನು ಬರ್ಟನ್ ದಾಖಲಿಸಿದ್ದಾನೆ. 1871ರಲ್ಲಿ ಸ್ಟ್ಯಾನ್ಲಿ ಮತ್ತು ಲಿವಿಂಗ್‌ಸ್ಟನ್ ದೋಣಿಯಲ್ಲಿ ಹೋಗಿ ಕಂಡಾಗ ರುಸಿಜಿ ನದಿ ಸರೋವರದೊಳಕ್ಕೇ ಹರಿಯುತ್ತಿತ್ತು. ಒಂದು ಕ್ರಿಯಾಪದದ ದಿಕ್ಕಿನ ಮೇಲೆ ಭೂಪಟವೇ ನಿಂತಿದ್ದ ಸಂದರ್ಭವಿದು.

ಬಾಂಬೆಯ ನಿತ್ಯದ ದುಡಿಮೆ ಮಾತಿನಲ್ಲಿ ಮುಗಿಯುತ್ತಿರಲಿಲ್ಲ. ತ್ಸೆತ್ಸೆ ನೊಣದ ಹಾವಳಿಯಿಂದ ಎತ್ತು, ಕುದುರೆಗಳು ಬದುಕದ ಆ ಸೀಮೆಯಲ್ಲಿ ಹೊರೆಯೆಲ್ಲ ಮನುಷ್ಯರ ತಲೆ, ಹೆಗಲುಗಳ ಮೇಲೆ. ನಾಣ್ಯ ನಡೆಯದ ಕಡೆ ಬಟ್ಟೆ, ಗಾಜಿನ ಮಣಿ, ಲೋಹದ ತಂತಿಗಳೇ ಹಣ. ಅಮೆರಿಕದ ಬಿಳಿಬಟ್ಟೆಗೆ ಮೆರಿಕಾನಿ ಎಂದೂ ಭಾರತದ ನೀಲಿಬಟ್ಟೆಗೆ ಕನಿಕಿ ಎಂದೂ ಹೆಸರು. ನಸುಕಿನಲ್ಲೇ ಪತಾಕೆ ಹಿಡಿದ ದಾರಿಗಾರನ ಹಿಂದೆ ಸಾಲು ಹೊರಡುತ್ತಿತ್ತು. ಬಿಸಿಲೇರಿದಾಗ ನೀರಿನ ಬಳಿ ಬಿಡಾರ, ಸುತ್ತ ಮುಳ್ಳಿನ ಬೇಲಿ. ಆಮೇಲೆ ಹೊರೆಗಳ ಎಣಿಕೆ, ಧಾನ್ಯದ ಚೌಕಾಸಿ, ಊರೊಡೆಯನೊಡನೆ ಸುಂಕದ ವಾದ. ರಾತ್ರಿ ಓಡಿಹೋದವರೆಷ್ಟು ಎಂಬ ಲೆಕ್ಕ ಬೆಳಗ್ಗೆ ಕಾದಿರುತ್ತಿತ್ತು. 1860ರಲ್ಲಿ ಸ್ಪೀಕ್ ಮತ್ತು ಗ್ರಾಂಟ್ ಸುಮಾರು ಇನ್ನೂರು ಜನರೊಡನೆ ಹೊರಟರು. 1863ರಲ್ಲಿ ಕೈರೋ ತಲುಪುವವರೆಗೆ ಜೊತೆಗುಳಿದವರು ಹದಿನೆಂಟು ಮಂದಿ. ಅವರ ಮುಂದಾಳು ಬಾಂಬೆ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಆತನಿಗೆ ಬೆಳ್ಳಿಯ ಪದಕ ನೀಡಿತು.

ಅದೇ ಪಯಣದಲ್ಲಿ ಸ್ಪೀಕ್ ಒಮ್ಮೆ ಸಿಟ್ಟಿನಿಂದ ಬಾಂಬೆಯ ಮುಖಕ್ಕೆ ಗುದ್ದಿದ್ದನು. ಯಾವೊ ಪದ್ಧತಿಯಂತೆ ಬಾಂಬೆಯ ಹಲ್ಲುಗಳನ್ನು ಮೊನಚಾಗಿ ಅರೆಯಲಾಗಿತ್ತು. ಹೆಸರು ಹೋದರೂ ಉಳಿದಿದ್ದ ಕುಲದ ಗುರುತು ಅದು. ಕೆಲವು ವರ್ಷಗಳ ಬಳಿಕ ಸ್ಟ್ಯಾನ್ಲಿ ನೋಡಿದಾಗ ಮುಂದಿನ ಸಾಲಿನಲ್ಲಿ ಬರಿಯ ಸಂದಿಯಿತ್ತು. ಬಾಂಬೆ ದೋಷರಹಿತನೇನೂ ಅಲ್ಲ. ಮದ್ಯದ ಮೋಹವಿತ್ತು, ಕಾವಲಿನಲ್ಲಿದ್ದ ಸರಕು ಕಳೆದುದೂ ಉಂಟು. ಆತ ಸೋಮಾರಿಯೆಂದು ಸ್ಟ್ಯಾನ್ಲಿ ದೂರಿದ್ದಾನೆ, ಹೊಡೆದೂ ಇದ್ದಾನೆ. ಲಿವಿಂಗ್‌ಸ್ಟನ್‌ನನ್ನು ಹುಡುಕಲು ಉಜಿಜಿಯವರೆಗೆ ಕರೆದೊಯ್ದದ್ದೂ ಆತನನ್ನೇ. ಬಾಂಬೆ ತಾನಾಗಿ ಪುಸ್ತಕ ಬರೆಯಲಿಲ್ಲವಾಗಿ ಈ ದೂರುಗಳಿಗೆ ಉತ್ತರ ಸಿಗುವುದಿಲ್ಲ.

ಕೊನೆಯ ದೀರ್ಘ ಪಯಣ ಕ್ಯಾಮರಾನ್ ಜೊತೆಗೆ, 1873ರಲ್ಲಿ. ತಂಡವು ಒಳನಾಡಿನಲ್ಲಿದ್ದ ಆ ಜೂನ್ ತಿಂಗಳಲ್ಲಿ, ಬ್ರಿಟಿಷರ ಒತ್ತಡಕ್ಕೆ ಮಣಿದು ಜಾಂಜಿಬಾರಿನ ಸುಲ್ತಾನನು ಬಾಂಬೆಯಂಥವರು ಮಾರಾಟವಾಗುತ್ತಿದ್ದ ಸಂತೆಯನ್ನು ಮುಚ್ಚಿದನು. ಅದೇ ವರ್ಷ ಲಿವಿಂಗ್‌ಸ್ಟನ್‌ನ ಮೃತದೇಹವನ್ನು ಕರಾವಳಿಗೆ ಹೊತ್ತು ಸಾಗುತ್ತಿದ್ದ ಚುಮಾ, ಸುಸಿ ಮೊದಲಾದವರು ದಾರಿಯಲ್ಲಿ ಎದುರಾದರು. ಬಾಂಬೆ ಮತ್ತು ಸಂಗಡಿಗರು ಪಶ್ಚಿಮಕ್ಕೇ ನಡೆದು, 1875ರ ನವೆಂಬರಿನಲ್ಲಿ ಅಟ್ಲಾಂಟಿಕ್ ತೀರವನ್ನು ಮುಟ್ಟಿದರು. ಖಂಡವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿದ ಕೀರ್ತಿ ಕ್ಯಾಮರಾನ್‌ಗೆ ಸಂದಿತು. ತಂಡದವರು ಹಡಗಿನಲ್ಲಿ ಜಾಂಜಿಬಾರಿಗೆ ಮರಳಿದರು.

1876ರಲ್ಲಿ ಅದೇ ಸೊಸೈಟಿ ಬಾಂಬೆಗೆ ಜೀವಾವಧಿ ಪಿಂಚಣಿ ಗೊತ್ತುಮಾಡಿತು. ಪಿಂಚಣಿ ಕಳುಹಿಸಿದ ಲಂಡನ್ನನ್ನು ಆತ ಕಾಣಲಿಲ್ಲ. 1885ರ ಅಕ್ಟೋಬರ್ 12ರಂದು ತೀರಿಕೊಂಡಾಗ ವಯಸ್ಸು 65ರ ಆಸುಪಾಸು.