ವಚನಪಿತಾಮಹ ಫ. ಗು. ಹಳಕಟ್ಟಿಯವರ ತಾರುಣ್ಯಕಾಲ

ನಮ್ಮ ಮಠಗಳಲ್ಲಿಯೂ ಮನೆಗಳಲ್ಲಿಯೂ ಇಷ್ಟಲಿಂಗಪೂಜೆಯ ತರುವಾಯ ಭಕ್ತರು ವಚನಗ್ರಂಥವನ್ನು ಕೈಗೆ ತೆಗೆದುಕೊಂಡು ನಾಲ್ಕಾರು ವಚನಗಳನ್ನು ಓದುವದು ಇಂದು ವಾಡಿಕೆಯಾಗಿದೆ. ಚಿಕ್ಕ ಬಾಲಕರು ಸಹ ಅವುಗಳನ್ನು ಕಂಠಪಾಠವಾಗಿ ಒಪ್ಪಿಸುವರು. ಆದರೆ ಆ ಗ್ರಂಥವು ತಮ್ಮ ಕೈಗೆ ಬಂದ ಬಗೆಯನ್ನು ವಿಚಾರಿಸುವವರು ವಿರಳ. ನೂರಿಪ್ಪತ್ತು ವರ್ಷಗಳ ಹಿಂದೆ ಕೆಲವು ವಚನಗಳು ಅಲ್ಲಲ್ಲಿ ಅಚ್ಚಾಗಿದ್ದವಾದರೂ ಬಹುಭಾಗವು ತಾಡಓಲೆಯ ಕಟ್ಟುಗಳಲ್ಲಿ ಅಡಗಿಕೊಂಡು, ಜಗುಲಿಯ ಮೇಲೆ ಹೂವು ವಿಭೂತಿಗಳನ್ನು ಧರಿಸಿ, ಪೂಜೆಯನ್ನು ಕೈಕೊಳ್ಳುತ್ತ, ಓದುವವರಿಲ್ಲದೆ ಹುಳುವಿಗೆ ಆಹಾರವಾಗುತ್ತಲಿದ್ದಿತು. ಅವುಗಳನ್ನು ಹೊರಗೆ ತಂದ ಮಹನೀಯರು ಕಾವಿಧಾರಿಗಳಲ್ಲ, ಪಾಠಶಾಲೆಯ ಪಂಡಿತರೂ ಅಲ್ಲ. ಅವರು ವಿಜಾಪುರದ ಒಬ್ಬ ವಕೀಲರು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು 1880ನೆಯ ಇಸವಿಯ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಾಲಾಶಿಕ್ಷಕರು, ಬರವಣಿಗೆಯಲ್ಲಿ ಆಸಕ್ತಿಯುಳ್ಳವರು. 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘದ ವಾಗ್ಭೂಷಣ ಪತ್ರಿಕೆಗೆ ಅವರು ಚರಿತ್ರೆಯ ವಿಷಯಗಳನ್ನು ಬರೆಯುತ್ತಿದ್ದರು. ತಾಯಿಯು ಮಗನ ಎಳವೆಯಲ್ಲಿಯೇ ಶಿವಸಾಯುಜ್ಯವನ್ನು ಹೊಂದಿದ್ದರಿಂದ ಅಜ್ಜಿಯೇ ಬಾಲಕನನ್ನು ಸಾಕಿ ಸಲಹಿದಳು. ಮನೆಯಲ್ಲಿ ಸಂಪತ್ತು ಇರಲಿಲ್ಲ; ಪುಸ್ತಕಗಳಿದ್ದವು. ಶಿಕ್ಷಕನ ಸಂಬಳದಲ್ಲಿ ಮಗನನ್ನು ದೂರದ ಮುಂಬಯಿಗೆ ಕಳಿಸಿ ಓದಿಸುವದೆಂದರೆ ಆ ಕಾಲಕ್ಕೆ ಚಿಕ್ಕ ಮಾತಲ್ಲ. ಹಾಗೆ ಕಳಿಸಿದ ತಂದೆಯ ಮನಸ್ಸಿನಲ್ಲಿ ಮಗನ ಅಭ್ಯುದಯದ ಆಶೆಯಿದ್ದಿತು. ಹೋದ ಮಗನ ಮನಸ್ಸಿನಲ್ಲಿಯೂ ಅದೇ ಆಶೆಯಿದ್ದಿತೆಂಬದರಲ್ಲಿ ಸಂಶಯವಿಲ್ಲ. ಹಳಕಟ್ಟಿಯವರನ್ನು ಹುಟ್ಟುವಿರಕ್ತರನ್ನಾಗಿ ಚಿತ್ರಿಸುವ ಭಕ್ತರಿದ್ದಾರೆ. ಅದು ಪ್ರೀತಿಯ ಮಾತೇ ಹೊರತು ನಿಜವಾದ ಮಾತಲ್ಲ. ಅವರು ಮುಂದೆ ಬರಬೇಕೆಂದು ಬಯಸಿದ ತರುಣರು. ಬಯಸಿದ್ದನ್ನು ಸಾಧಿಸುವೆನೆಂಬ ಭರವಸೆಯುಳ್ಳವರು.

ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಅವರ ವಿದ್ಯಾಭ್ಯಾಸವು ನಡೆಯಿತು. ಆ ಶತಮಾನದ ಕಡೆಯ ವರ್ಷಗಳು ಬಹು ಕಠಿಣವಾದವುಗಳು. 1896ರಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಬೇನೆಯು ತಲೆದೋರಿ ಸಹಸ್ರಾವಧಿ ಜನರು ಊರು ಬಿಟ್ಟು ಓಡಿದರು. ಇತ್ತ ಕನ್ನಡ ಜಿಲ್ಲೆಗಳಲ್ಲಿ 1896–97ರಲ್ಲಿಯೂ 1899–1900ರಲ್ಲಿಯೂ ಬರಗಾಲವು ಬಿದ್ದಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಈ ನಾಲ್ಕು ಜಿಲ್ಲೆಗಳು ಆಗ ಮುಂಬಯಿ ಇಲಾಖೆಗೆ ಸೇರಿದ್ದವು. ಆ ರಾಜಧಾನಿಯಲ್ಲಿ ಕನ್ನಡಿಗನೆಂದರೆ ಮೂಲೆಗೆ ಸರಿದವನು. ಗುಜರಾಥಿಗಳೂ ಮಹಾರಾಷ್ಟ್ರೀಯರೂ ತಮ್ಮ ಭಾಷೆ, ತಮ್ಮ ಕವಿಗಳು, ತಮ್ಮ ಸಂತರು ಎಂದು ಹೆಮ್ಮೆಯಿಂದ ಹೇಳಿಕೊಳ್ಳುವದನ್ನು ಕಂಡ ಹಳಕಟ್ಟಿಯವರಿಗೆ ತನ್ನ ನಾಡಿನವರು ಹೇಳಿಕೊಳ್ಳಲು ಏನಿದೆಯೆಂಬ ಪ್ರಶ್ನೆಯು ಎದುರಾಯಿತು. ನಾಡುನುಡಿಯ ಈ ಚಿಂತೆಯಲ್ಲಿ ಮುಂದೆ ಕರ್ನಾಟಕದ ಕುಲಪುರೋಹಿತರೆನಿಸಿದ ಆಲೂರ ವೆಂಕಟರಾಯರು ಅವರಿಗೆ ಒಡನಾಡಿಗಳಾದರು.

ಇಂಗ್ರಜಿ ಕಲಿತ ತರುಣರಲ್ಲಿ ಅನೇಕರು ಆಗ್ಗೆ ತಂದೆತಾಯಿಗಳ ಧರ್ಮವನ್ನು ನಾಚಿಕೆಯಿಂದ ನೋಡುತ್ತಿದ್ದರು. ಕೆಲವರು 1867ರಿಂದ ಮುಂಬಯಿಯಲ್ಲಿದ್ದ ಪ್ರಾರ್ಥನಾಸಮಾಜದ ಕಡೆಗೆ ಒಲಿದರು. ಕೆಲವರು ಯಾವದನ್ನೂ ನಂಬದವರಾದರು. ಲಿಂಗವನ್ನು ಕೊರಳಲ್ಲಿ ಧರಿಸಿಯೂ ಅದರ ಅರ್ಥವನ್ನು ಕೇಳಿದರೆ ಉತ್ತರ ಹೇಳಲರಿಯದ ಸ್ಥಿತಿಯು ನಮ್ಮ ಸಮಾಜದ ವಿದ್ಯಾವಂತರದಾಗಿದ್ದಿತು. ಇದರಲ್ಲಿ ಮಠಗಳ ದೋಷವೂ ಇದ್ದಿತೆಂಬದನ್ನು ಮಠದ ಗ್ರಂಥದಲ್ಲಿಯೇ ಹೇಳುವದು ಯುಕ್ತವು. ಶರಣರ ಮಾತುಗಳು ನಮ್ಮ ಗೂಡುಗಳಲ್ಲಿಯೇ ಇದ್ದವು. ಅವನ್ನು ನಾವು ಪೂಜಿಸಿದೆವು, ಬಿಚ್ಚಿ ತೋರಿಸಲಿಲ್ಲ.

ಬಿ.ಎ. ಪದವಿಯ ತರುವಾಯ ಹಳಕಟ್ಟಿಯವರು ಕಾಯದೆಯನ್ನು ಅಭ್ಯಾಸ ಮಾಡಿ 1904ರಲ್ಲಿ ಎಲ್.ಎಲ್.ಬಿ. ಪರೀಕ್ಷೆಯಲ್ಲಿ ಉತ್ತೀರ್ಣರಾದರು. ಅಷ್ಟರಲ್ಲಿ ಅವರಿಗೆ ಭಾಗೀರಥಿಬಾಯಿಯವರೊಡನೆ ವಿವಾಹವಾಗಿದ್ದಿತು. ಮಾವನವರ ಊರು ಬನಹಟ್ಟಿ. 1903ರ ಸುಮಾರಿಗೆ ಆ ಊರಿಗೆ ಹೋದಾಗ ಅಲ್ಲಿಯ ಒಂದು ಮನೆಯಲ್ಲಿ ಷಟ್‌ಸ್ಥಲತಿಲಕ, ಪ್ರಭುದೇವರ ವಚನ ಎಂಬ ಎರಡು ತಾಡಓಲೆಯ ಗ್ರಂಥಗಳು ಅವರ ಕಣ್ಣಿಗೆ ಬಿದ್ದವು. ಅವರ ಜೀವನದ ದಿಕ್ಕು ಬದಲಾದದ್ದು ಇಲ್ಲಿಂದ.

ತಾಡಓಲೆಯನ್ನು ಓದಿ ಬಲ್ಲವರಿಗೆ ಆ ತರುಣನ ಕಷ್ಟವು ತಿಳಿದೀತು. ಎರಡು ಹಲಗೆಗಳ ನಡುವೆ ದಾರದಿಂದ ಕೋದ ಗರಿಗಳು. ಕಂಠದಿಂದ ಕೊರೆದ ಅಕ್ಷರಗಳು. ಮಸಿಯನ್ನು ಸವರಿದ ಹೊರತು ಕಣ್ಣಿಗೆ ಕಾಣವು. ಪದಕ್ಕೂ ಪದಕ್ಕೂ ನಡುವೆ ಅಂತರವಿಲ್ಲ, ವಾಕ್ಯದ ಕೊನೆಗೆ ಗುರುತಿಲ್ಲ. ಒಂದು ವಚನವು ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಮೊದಲಾಯಿತೆಂಬದನ್ನು ಅಂಕಿತದಿಂದಲೇ ಅರಿತುಕೊಳ್ಳಬೇಕು. ಅಂಕಿತದಿಂದಲೇ ಅದು ಬಸವಣ್ಣನವರದೋ ಚೆನ್ನಬಸವಣ್ಣನವರದೋ ಅಕ್ಕನದೋ ಎಂದು ನಿಶ್ಚಯಿಸಬೇಕು. ಲಿಪಿಕಾರನ ಕೈತಪ್ಪೊಂದು ಕಡೆ, ಹುಳು ಕೊರೆದ ತೂತು ಇನ್ನೊಂದು ಕಡೆ. ಪಾಠಶಾಲೆಯಲ್ಲಿ ಗುರುಮುಖದಿಂದ ಕಲಿತವರಿಗೂ ಇದು ಸುಲಭವಲ್ಲ. ಆಂಗ್ಲ ನ್ಯಾಯಶಾಸ್ತ್ರವನ್ನು ಓದಿದ ಇಪ್ಪತ್ತಮೂರು ವರುಷದ ತರುಣನಿಗೆ ಎಷ್ಟು ಪ್ರಯಾಸವಾಗಿರಬೇಕು! ಆದರೆ ಓದಿದಷ್ಟು ಭಾಗವೇ ಅವರನ್ನು ಹಿಡಿದು ನಿಲ್ಲಿಸಿತು. ಮುಂಬಯಿಯಲ್ಲಿ ಎದುರಾಗಿದ್ದ ಪ್ರಶ್ನೆಗೆ ಉತ್ತರವು ಬನಹಟ್ಟಿಯ ಮನೆಯೊಂದರಲ್ಲಿ ದೊರಕಿತು.

ಅವರ ಶ್ರದ್ಧೆಯು ಎಂಥದೆಂಬದನ್ನು ಇಲ್ಲಿ ಸ್ವಲ್ಪ ವಿವೇಚಿಸಬೇಕಾಗಿದೆ. ಹಿರಿಯರು ನಂಬಿದರೆಂದು ನಂಬುವ ಶ್ರದ್ಧೆ ಒಂದು; ಕಂಡು, ಓದಿ, ತೂಗಿ ನಂಬುವದು ಇನ್ನೊಂದು. ಹಳಕಟ್ಟಿಯವರದು ಎರಡನೆಯ ಬಗೆಯದು. ನ್ಯಾಯಾಲಯದಲ್ಲಿ ದಸ್ತೈವಜನ್ನು ಪರೀಕ್ಷಿಸುವ ದೃಷ್ಟಿಯಿಂದಲೇ ಅವರು ಓಲೆಗಳನ್ನು ಪರೀಕ್ಷಿಸಿದರು. ಒಂದು ಪ್ರತಿಯನ್ನು ಇನ್ನೊಂದರೊಡನೆ ಹೋಲಿಸಿ ಪಾಠವನ್ನು ನಿರ್ಣಯಿಸುವ ಈ ರೀತಿಯು ಭಕ್ತಿಗೆ ಕುಂದೆಂದು ಎಣಿಸುವವರು ಇದ್ದರು; ಆದರೆ ಶರಣರ ಮಾತು ಯಾವದು, ತರುವಾಯ ಸೇರಿದ್ದು ಯಾವದು ಎಂದು ವಿಚಾರಿಸದೆ ಎಲ್ಲವನ್ನೂ ತಲೆಯ ಮೇಲೆ ಹೊರುವದು ಭಕ್ತಿಯಾಗಲಾರದು.

ವಕೀಲರಾದ ಹೊಸತರಲ್ಲಿ ಅವರು ಬೆಳಗಾವಿಯಲ್ಲಿ ಕೆಲಸವನ್ನಾರಂಭಿಸಿ, ಸ್ವಲ್ಪ ಕಾಲದಲ್ಲಿಯೇ ವಿಜಾಪುರಕ್ಕೆ ಬಂದು ನೆಲೆಸಿದರು. ವಿಜಾಪುರವು ಆದಿಲಶಾಹಿಯ ಗುಮ್ಮಟಗಳ ಊರು. ಜಿಲ್ಲೆಯ ಮುಖ್ಯಸ್ಥಳವು ಕಲಾದಗಿಯಿಂದ ಅಲ್ಲಿಗೆ ಬಂದು ಇನ್ನೂ ಇಪ್ಪತ್ತು ವರ್ಷಗಳಾಗಿದ್ದವಷ್ಟೆ. 1876–78ರ ಮಹಾಕ್ಷಾಮದ ಗಾಯವು ಆ ಜಿಲ್ಲೆಯಲ್ಲಿ ಮಾಯ್ದಿರಲಿಲ್ಲ. ಒಕ್ಕಲಿಗನು ಸಾಹುಕಾರನ ಬಡ್ಡಿಯಲ್ಲಿ ಮುಳುಗಿದ್ದನು. ಲಿಂಗವಂತರ ಮಕ್ಕಳಲ್ಲಿ ಶಾಲೆಯ ಮೆಟ್ಟಿಲನ್ನು ಹತ್ತಿದವರು ಕಡಿಮೆ. ಪದವೀಧರನಾದ ವಕೀಲನಿಗೆ ಅಲ್ಲಿ ಹಣಕ್ಕೆ ಕೊರತೆ ಬೀಳುವಂತಿರಲಿಲ್ಲ. ಹಳಕಟ್ಟಿಯವರಿಗೂ ಬೀಳಲಿಲ್ಲ. ಹಣವು ಬಂದಿತು, ಬಂದದ್ದು ಓಲೆಗಳ ದಾರಿಯನ್ನು ಹಿಡಿಯಿತು.

ಅದೇ 1904ರಲ್ಲಿ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರ ಪ್ರೇರಣೆಯಿಂದ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಪ್ರಥಮಾಧಿವೇಶನವು ಶಿರಸಂಗಿಯ ಲಿಂಗರಾಜ ದೇಸಾಯಿಯವರ ಅಧ್ಯಕ್ಷತೆಯಲ್ಲಿ ಜರುಗಿತು. ಸಮಾಜವು ನಿದ್ದೆಯಿಂದ ಏಳುತ್ತಿದ್ದ ಕಾಲವದು. ಎದ್ದವನಿಗೆ ಮೊದಲು ಬೇಕಾದದ್ದು ಅನ್ನವೋ ವಿದ್ಯೆಯೋ ಶಾಸ್ತ್ರವೋ ಎಂಬ ವಾದಕ್ಕೆ ಹಳಕಟ್ಟಿಯವರು ಹೋಗಲಿಲ್ಲ, ಮೂರಕ್ಕೂ ಕೈಹಾಕಿದರು. ಮೂವತ್ತನೆಯ ವಯಸ್ಸಿನಲ್ಲಿ, ಅಂದರೆ 1910ರಲ್ಲಿ, ವಿಜಾಪುರ ಜಿಲ್ಲೆಯ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯ ಸ್ಥಾಪನೆಗೆ ಕಾರಣರಾದರು. ಇಂದು ವೈದ್ಯಕೀಯ ಮಹಾವಿದ್ಯಾಲಯವನ್ನೂ ವಿಶ್ವವಿದ್ಯಾಲಯವನ್ನೂ ನಡೆಸುತ್ತಿರುವ ಬಿ.ಎಲ್.ಡಿ.ಇ. ಸಂಸ್ಥೆಯ ಬೀಜವು ಅದೇ. ಸಹಕಾರಿ ಪತ್ತಿನ ಸಂಘಗಳ ಕಾಯದೆಯು 1904ರಲ್ಲಿ ಬಂದು 1912ರಲ್ಲಿ ವಿಸ್ತಾರವಾಯಿತು. ಆ 1912ರಲ್ಲಿಯೇ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕು ವಿಜಾಪುರದಲ್ಲಿ ಹುಟ್ಟಿತು. ಕಾಯದೆಯ ಪುಸ್ತಕದಲ್ಲಿದ್ದದ್ದು ಊರ ಪೇಟೆಗೆ ಬರಬೇಕಾದರೆ ಅದನ್ನು ಓದಬಲ್ಲ ಒಬ್ಬ ವಕೀಲನು ಬೇಕಾಗಿದ್ದನು. ನಗರಸಭೆಯಲ್ಲಿಯೂ ಮುಂಬಯಿಯ ವಿಧಾನಪರಿಷತ್ತಿನಲ್ಲಿಯೂ ಅವರು ಕೆಲಸ ಮಾಡಿದರು. ಸರಕಾರವು ರಾವಬಹಾದ್ದೂರ ಪದವಿಯನ್ನು ಕೊಟ್ಟಿತು. ಅವರ ಮಹತ್ವಾಕಾಂಕ್ಷೆಯು ಬತ್ತಲಿಲ್ಲ. ನೀರು ಅದೇ, ಹರಿದ ಹೊಲ ಮಾತ್ರ ಬೇರೆ.

ಈ ಎಲ್ಲ ಗದ್ದಲದ ನಡುವೆ ಓಲೆಗಳ ಸಂಗ್ರಹವು ನಡೆದೇ ಇದ್ದಿತು. ಊರೂರಿನ ಮಠಗಳು, ಗೌಡ ಶೆಟ್ಟರ ಮನೆಗಳು, ಅಯ್ಯನವರ ಜಗುಲಿಗಳು, ಇವೆಲ್ಲ ಅವರಿಗೆ ಗೊತ್ತಾದವು. ಕೊಡುವವರು ಸುಲಭವಾಗಿ ಕೊಡುತ್ತಿರಲಿಲ್ಲ. ತಲೆತಲಾಂತರದಿಂದ ಪೂಜೆಗೊಂಡ ಕಟ್ಟು ಮನೆಯಿಂದ ಹೊರಬಿದ್ದರೆ ಕೇಡಾಗುವದೆಂಬ ಅಂಜಿಕೆ ಕೆಲವರಿಗೆ. ವಕೀಲರು ಕೇಳುತ್ತಾರೆಂದರೆ ಇದರಲ್ಲಿ ಆಸ್ತಿಯ ವಿಷಯವೇನಾದರೂ ಇದ್ದೀತೆಂಬ ಸಂಶಯ ಮತ್ತೆ ಕೆಲವರಿಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಎರವಲು ಪಡೆದು, ಪ್ರತಿಮಾಡಿ ತಿರುಗಿ ಕೊಟ್ಟು, ಕೆಲವನ್ನು ಹಣ ತೆತ್ತು ತಂದು, ಅವರು ಇಪ್ಪತ್ತು ವರ್ಷಗಳಲ್ಲಿ ಕೂಡಿಸಿದ ಕಟ್ಟುಗಳ ಸಂಖ್ಯೆ ಸಾವಿರದ ಸಮೀಪಕ್ಕೆ ಬಂದಿತು. ಮೊದಲು ಐವತ್ತರಷ್ಟು ವಚನಕಾರರ ಹೆಸರುಗಳು ಮಾತ್ರ ಬಳಕೆಯಲ್ಲಿದ್ದವು. ಅವರ ಶೋಧದಿಂದ ಇನ್ನೂರೈವತ್ತಕ್ಕೂ ಮಿಕ್ಕಿದ ಶರಣರು ಬೆಳಕಿಗೆ ಬಂದರು. ಅಂಬಿಗನೂ ಮಾದಾರನೂ ಮಡಿವಾಳನೂ ಸೂಳೆ ಸಂಕವ್ವೆಯೂ ಬಸವಣ್ಣನವರ ಪಂಕ್ತಿಯಲ್ಲಿ ಕುಳಿತದ್ದನ್ನು ಜನರು ಅಚ್ಚಿನ ಅಕ್ಷರದಲ್ಲಿ ಕಂಡರು.

ಆತ್ಮವಿಶ್ವಾಸವೆಂಬದು ತಾರುಣ್ಯದಲ್ಲಿ ಎಲ್ಲರಿಗೂ ಸ್ವಲ್ಪ ಇರುವದು. ಇಪ್ಪತ್ತು ವರ್ಷ ಫಲ ಕಾಣದೆ ಉಳಿಯುವ ಆತ್ಮವಿಶ್ವಾಸ ವಿರಳ. ವಚನಗಳನ್ನು ವಿಷಯಾನುಸಾರವಾಗಿ ಜೋಡಿಸಿ ವಚನಶಾಸ್ತ್ರಸಾರವೆಂಬ ಗ್ರಂಥದ ಮೊದಲನೆಯ ಭಾಗವನ್ನು ಸಿದ್ಧಪಡಿಸಿದಾಗ ಅವರ ವಯಸ್ಸು ನಾಲ್ವತ್ತು ದಾಟಿದ್ದಿತು. ಮಂಗಳೂರಿನ ಹೆಸರಾಂತ ಮುದ್ರಣಾಲಯವೊಂದಕ್ಕೆ ಹಸ್ತಪ್ರತಿಯನ್ನೂ ಮುಂಗಡ ಹಣವನ್ನೂ ಕಳಿಸಿದರು. ಎರಡೂ ತಿರುಗಿ ಬಂದವು. ಇನ್ನೊಬ್ಬರಾಗಿದ್ದರೆ ಕಟ್ಟನ್ನು ಮತ್ತೆ ಗೂಡಿಗೆ ಸೇರಿಸಿ ಕಚೇರಿಗೆ ಹೋಗುತ್ತಿದ್ದರು. ಇವರು ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ವ್ಯವಸ್ಥೆ ಮಾಡಿದರು. 1923ರಲ್ಲಿ ಗ್ರಂಥವು ಹೊರಬಿದ್ದಿತು. ಓದಿದವರು ಬೆರಗಾದರು. ಮೂರೇ ವರ್ಷಗಳಲ್ಲಿ, 1926ರಲ್ಲಿ, ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಲನವು ಅವರನ್ನು ಅಧ್ಯಕ್ಷಪೀಠದಲ್ಲಿ ಕೂಡ್ರಿಸಿತು.

ಪಂಡಿತದೃಷ್ಟಿಯಿಂದ ನೋಡಿದರೆ ಅವರ ಮುದ್ರಣಗಳಲ್ಲಿ ಪಾಠದೋಷಗಳಿಲ್ಲವೆಂದಲ್ಲ. ಅಂಕಿತದ ತೊಡಕುಗಳು ಅಲ್ಲಲ್ಲಿ ಉಳಿದವು. ತರುವಾಯದ ವಿದ್ವಾಂಸರು ಅವನ್ನು ತಿದ್ದಿದರು, 1993ರಲ್ಲಿ ಸಮಗ್ರ ವಚನಸಂಪುಟಗಳು ಹದಿನೈದು ಬಂದವು. ತಿದ್ದುವದಕ್ಕೆ ಒಂದು ಪುಸ್ತಕವು ಮೊದಲು ಇರಬೇಕಾಗುತ್ತದೆ.

ಇನ್ನೊಬ್ಬರ ಮುದ್ರಣಾಲಯವನ್ನು ನಂಬಿ ಕೂಡ್ರುವದು ಸಾಧ್ಯವಿಲ್ಲವೆಂದು ಕಂಡಾಗ ಅವರು ಇದ್ದ ಮನೆಯನ್ನೇ ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. 1926ರಲ್ಲಿ ಶಿವಾನುಭವ ಪತ್ರಿಕೆಯೂ 1927ರಲ್ಲಿ ನವಕರ್ನಾಟಕ ವಾರಪತ್ರಿಕೆಯೂ ಅಲ್ಲಿಂದ ಹೊರಟವು. ಹರಿಹರನ ರಗಳೆಗಳು ಅಲ್ಲಿಯೇ ಬೆಳಕು ಕಂಡವು. ವಕೀಲರ ಮನೆಯೆಂದು ಬಂದ ಭಾಗೀರಥಿಬಾಯಿಯವರು ಬಾಡಿಗೆಯ ಮನೆಯಲ್ಲಿ ಸಂಸಾರ ಸಾಗಿಸಬೇಕಾಯಿತು. ಮಕ್ಕಳ ಪಾಲಿನದೂ ಅಚ್ಚಿನ ಮೊಳೆಗಳಾಗಿ ಕರಗಿತು. ಗಂಡನ ಧ್ಯೇಯಕ್ಕೆ ಹೆಂಡತಿ ತೆತ್ತ ಬೆಲೆಯನ್ನು ಚರಿತ್ರೆಕಾರರು ಎಲ್ಲಿಯೂ ಲೆಕ್ಕಕ್ಕೆ ಹಿಡಿದಿಲ್ಲ.

ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಅವರಿಗೆ ಗೌರವ ಡಿ.ಲಿಟ್. ಪದವಿಯನ್ನು ಅರ್ಪಿಸಿತು. ಆಗ ಅವರಿಗೆ ಎಪ್ಪತ್ತಾರರ ವಯಸ್ಸು. ಮೈಮೇಲಿನ ಕೋಟು ಹಳೆಯದು. 1964ನೆಯ ಇಸವಿಯ ಜೂನ್ 29ರಂದು ಅವರು ವಿಜಾಪುರದಲ್ಲಿ ಲಿಂಗೈಕ್ಯರಾದರು. ಬನಹಟ್ಟಿಯಲ್ಲಿ ಆ ಎರಡು ಓಲೆಯ ಕಟ್ಟುಗಳನ್ನು ಕಂಡು ಅರವತ್ತು ವರ್ಷಗಳು ಸಂದಿದ್ದವು.