ಬೆರಳಿಗಾಗಿ ಲಿಪಿ ಕಟ್ಟಿದ ಹುಡುಗ: ಲೂಯಿ ಬ್ರೈಲ್

ಲಿಫ್ಟ್ ಬಟನ್ ಒತ್ತುವಾಗ ಅಂಕಿಯ ಪಕ್ಕದಲ್ಲಿರೋ ಉಬ್ಬು ಚುಕ್ಕೆಗಳನ್ನ ಎಂದಾದರೂ ಮುಟ್ಟಿ ನೋಡಿದ್ದೀರಾ? ಹ್ಯೂಮನ್-ಕಂಪ್ಯೂಟರ್ ಇಂಟರಾಕ್ಷನ್ ಅಂತ ನಾವು ಓದೋ ವಿಷಯದ ಮೊದಲ ಪಾಠ ಅಲ್ಲಿದೆ. ಕಂಪ್ಯೂಟರ್ ಹುಟ್ಟೋಕೆ ನೂರು ವರ್ಷಕ್ಕೂ ಮೊದಲೇ ಅದನ್ನು ಕಂಡುಕೊಂಡವನು 15 ವರ್ಷದ ಒಬ್ಬ ಹುಡುಗ.

ಲೂಯಿ ಬ್ರೈಲ್ ಹುಟ್ಟಿದ್ದು 1809ರ ಜನವರಿ 4ರಂದು, ಪ್ಯಾರಿಸ್ ಹತ್ತಿರದ ಕೂವ್ರೆ ಎಂಬ ಹಳ್ಳಿಯಲ್ಲಿ. ತಂದೆ ಕುದುರೆಗಳ ಜೀನು, ಲಗಾಮು ಹೊಲಿಯುತ್ತಿದ್ದರು. ಮೂರು ವರ್ಷದ ಲೂಯಿ ಅಪ್ಪನ ಕಾರ್ಯಾಗಾರದಲ್ಲಿ ಆಡುವಾಗ ಚರ್ಮಕ್ಕೆ ತೂತು ಹಾಕುವ ಚೂಪಾದ ಸಲಕರಣೆ ಕಣ್ಣಿಗೆ ಚುಚ್ಚಿತು. ಸೋಂಕು ಇನ್ನೊಂದು ಕಣ್ಣಿಗೂ ಹರಡಿ, ಐದು ವರ್ಷದ ಹೊತ್ತಿಗೆ ಎರಡೂ ಕಣ್ಣು ಹೋದವು.

1819ರಲ್ಲಿ ಪ್ಯಾರಿಸ್‌ನ ಅಂಧ ಮಕ್ಕಳ ಶಾಲೆ ಸೇರಿದ. ಅಲ್ಲಿದ್ದವು ಮಾಮೂಲಿ ಅಕ್ಷರಗಳನ್ನೇ ದೊಡ್ಡದಾಗಿ ಉಬ್ಬಿಸಿದ್ದ ಭಾರೀ ಪುಸ್ತಕಗಳು. ಕಣ್ಣು ಒಂದು ಅಕ್ಷರವನ್ನು ಒಂದೇ ನೋಟಕ್ಕೆ ಹಿಡಿಯುತ್ತೆ. ಬೆರಳು ಹಾಗಲ್ಲ, ಗೆರೆಯ ಜಾಡು ಹಿಡಿದು ಸುತ್ತಬೇಕು. ಓದೋದು ಆಮೆನಡಿಗೆ, ಬರೆಯೋದಂತೂ ದೂರದ ಮಾತು. ಕಣ್ಣಿಗಾಗಿ ಮಾಡಿದ್ದನ್ನೇ ಬೆರಳಿಗೆ ಕೊಟ್ಟಿದ್ದರು, ಅಷ್ಟೇ.

1821ರಲ್ಲಿ ಸೈನ್ಯದಲ್ಲಿದ್ದ ಶಾರ್ಲ್ ಬಾರ್ಬಿಯೆ ಅವರ ಚುಕ್ಕೆ ಲಿಪಿ ಶಾಲೆಗೆ ಬಂತು. ಗೆರೆಗಿಂತ ಚುಕ್ಕೆ ಬೆರಳಿಗೆ ಬೇಗ ಸಿಗುತ್ತೆ ಅನ್ನೋದು ಹುಡುಗರಿಗೆ ತಕ್ಷಣ ಗೊತ್ತಾಯಿತು. ಆದರೆ ಒಂದು ಚಿಹ್ನೆಗೆ 12 ಚುಕ್ಕೆಗಳವರೆಗೂ ಜಾಗ. ಬೆರಳ ತುದಿಗೆ ಅಷ್ಟು ಹಿಡಿಸಲ್ಲ; ಮೇಲೆ ಕೆಳಗೆ ಆಡಿಸಬೇಕು. ಅದೂ ಬರೀ ಉಚ್ಚಾರದ ಲಿಪಿ, ಕಾಗುಣಿತವಿಲ್ಲ, ವಿರಾಮಚಿಹ್ನೆಯಿಲ್ಲ.

ಲೂಯಿ ಮೂರು ವರ್ಷ ಕೂತು ಅದನ್ನು ಅರ್ಧಕ್ಕೆ ಇಳಿಸಿದ. ಎರಡು ಸಾಲು, ಸಾಲಿಗೆ ಮೂರು ಚುಕ್ಕೆ. ಈಗ ಇಡೀ ಅಕ್ಷರ ಬೆರಳ ತುದಿಯ ಕೆಳಗೇ ಕೂರುತ್ತೆ. ಬೆರಳು ಎಡದಿಂದ ಬಲಕ್ಕೆ ಹರಿದರೆ ಸಾಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಆರು ಬಿಟ್: ಖಾಲಿ ಜಾಗ ಬಿಟ್ಟರೆ 63 ಚಿಹ್ನೆಗಳು. ಮೊನೆಯಿಂದ ಕಾಗದ ಒತ್ತಿ ಬರೆಯಲೂಬಹುದು. ಸ್ಪರ್ಶ, ಚಲನೆ, ಗ್ರಹಿಕೆ ಮೂರೂ ಒಂದೇ ವಿನ್ಯಾಸದಲ್ಲಿ.

1829ರಲ್ಲಿ ಅದು ಪುಸ್ತಕವಾಗಿ ಬಂತು. ಅದೇ ಶಾಲೆಯಲ್ಲಿ ಮೇಷ್ಟ್ರಾದ ಬ್ರೈಲ್ ಅವರಿಗೆ ಮಾತ್ರ ದಾರಿ ಸುಲಭವಿರಲಿಲ್ಲ. 1840ರಲ್ಲಿ ಬಂದ ಹೊಸ ನಿರ್ದೇಶಕರು ಈ ಲಿಪಿಯನ್ನು ಬದಿಗಿಟ್ಟರು. ಕಣ್ಣಿದ್ದವರಿಗೆ ಅದು ಓದಲಾಗದ ಚುಕ್ಕೆಗಳ ರಾಶಿ. ಮಕ್ಕಳು ಮಾತ್ರ ಬಿಡಲಿಲ್ಲ. ಕೊನೆಗೆ ಶಾಲೆಯೇ ಮಣಿಯಿತು. 1844ರಲ್ಲಿ ಹೊಸ ಕಟ್ಟಡದ ಉದ್ಘಾಟನೆಯಲ್ಲಿ ಎಲ್ಲರೆದುರು ಬ್ರೈಲ್ ಓದಿ ತೋರಿಸಿದರು.

ಕ್ಷಯದಿಂದ ಬಳಲಿ 1852ರ ಜನವರಿ 6ರಂದು ಬ್ರೈಲ್ ತೀರಿಕೊಂಡರು. ಆಗಷ್ಟೇ 43 ತುಂಬಿತ್ತು. ಲಿಪಿಗೆ ಅಧಿಕೃತ ಮನ್ನಣೆ ಸಿಕ್ಕಿದ್ದು 1854ರಲ್ಲಿ.

ಅದೇ ಆರು ಚುಕ್ಕೆಗಳು ಭಾರತಿ ಬ್ರೈಲ್ ಆಗಿ ಕನ್ನಡಕ್ಕೂ ಬಂದವು. ನಮ್ಮ ‘ಕ’ ಅಂದರೆ 1 ಮತ್ತು 3ನೇ ಚುಕ್ಕೆ. ಹಿಂದಿಯ ‘ಕ’ಗೂ ಅದೇ. ಕಂಪ್ಯೂಟರ್‌ಗೆ ಜೋಡಿಸುವ ಬ್ರೈಲ್ ಡಿಸ್‌ಪ್ಲೇಯಲ್ಲಿ ಸಣ್ಣ ಪಿನ್‌ಗಳು ಏಳುತ್ತಾ ಇಳಿಯುತ್ತಾ ಪಠ್ಯವನ್ನು ಬೆರಳಿಗೆ ಮುಟ್ಟಿಸುತ್ತವೆ.

ಈ ಸಲ ಪ್ರಾಜೆಕ್ಟ್ ಡೆಮೊಗೆ ಮುಂಚೆ ನಿಮ್ಮ ಆ್ಯಪನ್ನು ಕಣ್ಣು ಕಾಣದ ಒಬ್ಬರ ಕೈಗೆ ಕೊಡಿ. ಅವರ ಬೆರಳು ಎಲ್ಲಿ ನಿಂತು ಹುಡುಕುತ್ತೆ, ಸುಮ್ಮನೆ ಗಮನಿಸಿ. ನಿಮ್ಮ ಕೆಲಸ ಅಲ್ಲಿಂದ ಶುರು.